ಎಡಗಣ್ಣಿನ ಪೊರೆ

ಜನವರಿ 18ರ ಬೆಳಿಗ್ಗೆ ಬೆಲ್ಲ ಅನ್ನೋ ಹಾವಿನ ಗೂಡಿನ ದೀಪ ಹಾಕಿದಾಗ ಮೊದಲು ಕಂಡದ್ದು ಚೂರುಗಳು. ನೀರಿನ ಬಟ್ಟಲಿನ ಪಕ್ಕ ಒಂದು, ಮರದ ಕೊರಡಿನ ಮೇಲೆ ಎರಡು, ಮೂಲೆಯಲ್ಲಿ ಅಂಗೈಯಷ್ಟು ಅಗಲದ್ದು ಇನ್ನೊಂದು. ಯಾರೋ ಈರುಳ್ಳಿ ಸಿಪ್ಪೆ ಚೆಲ್ಲಿ ಹೋದ ಹಾಗಿತ್ತು. ಬೆಲ್ಲ ಮೂಲೆಯಲ್ಲಿ ಮುದುಡಿ ಕೂತಿತ್ತು. ಬೆನ್ನಿನ ಮೇಲೆ ಅಲ್ಲಲ್ಲಿ ಬೂದು ಬಣ್ಣದ ತೇಪೆ. ಕುತ್ತಿಗೆಯ ಹತ್ತಿರ ಹಳೇ ಚರ್ಮ ಮಡಚಿಕೊಂಡು ನಿಂತಿತ್ತು, ತೋಳು ಸುತ್ತಿದ ಅಂಗಿಯ ಹಾಗೆ.

ಬೆಲ್ಲ ನಮ್ಮ ಮನೆಯ ಹಾವು. ಬಾಲ್ ಪೈಥಾನ್ ಅನ್ನೋ ಸಣ್ಣ ಜಾತಿಯ ಹೆಬ್ಬಾವು. ವಿಷ ಇಲ್ಲ. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಇದರ ಮೂಲ ಆಫ್ರಿಕಾದ ಘಾನಾ, ಟೋಗೋ, ಬೆನಿನ್ ಕಡೆ. ಮೈಮೇಲಿನ ಪಟ್ಟೆಗಳು ನಮ್ಮೂರ ಜೋನಿ ಬೆಲ್ಲದ ಬಣ್ಣ, ಹಾಗಾಗಿ ಮಗಳು ಆ ಹೆಸರಿಟ್ಟಳು. ನಾವಿರೋದು ಅಮೆರಿಕದ ಕೊಲೊರಾಡೋ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ. ಊರು ಬಿಟ್ಟು ಹೊರಟ ಒಂದು ಕುಟುಂಬ ಸಾಕಲಾಗದೆ ಬಿಟ್ಟುಕೊಟ್ಟ ಹಾವನ್ನು ಅಕ್ಟೋಬರ್‌ನಲ್ಲಿ ನಾವು ಮನೆಗೆ ತಂದೆವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇದನ್ನು ಓದಿ ಊರಲ್ಲಿ ಯಾರೂ ತೋಟದ ಕೇರೆ ಹಾವನ್ನೋ ಹೆಬ್ಬಾವಿನ ಮರಿಯನ್ನೋ ಹಿಡಿದು ಸಾಕಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಆ ಹಾವಿಗೂ ಅದು ಹಿಂಸೆ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಹಾವಿನ ಪೊರೆ ನಮಗೆ ಹೊಸದಲ್ಲ. ಕಟ್ಟಿಗೆ ರಾಶಿಯಲ್ಲಿ, ಹಂಚಿನ ಸಂದಿಯಲ್ಲಿ, ಕೊಟ್ಟಿಗೆ ಗೋಡೆಯ ಬಿರುಕಲ್ಲಿ ಎಷ್ಟೋ ಸಲ ಸಿಗುತ್ತಿತ್ತು. ಯಾವಾಗಲೂ ಉದ್ದಕ್ಕೆ, ಇಡಿಯಾಗಿ. ಮೂತಿಯಿಂದ ಬಾಲದ ತನಕ ಕಾಲುಚೀಲ ತಿರುವಿ ತೆಗೆದ ಹಾಗೆ. ಹಾವು ಪೊರೆ ಬಿಡೋದು ಅಂದರೆ ಹಾಗೇ ಅಂತ ನಂಬಿದ್ದೆ. ಅದಕ್ಕೂ ಕಷ್ಟ ಆಗಬಹುದು ಅಂತ ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ.

ಆಗೋದು ಹೀಗೆ. ಹಾವಿನ ಹೊರಚರ್ಮ ಅದರ ಜೊತೆ ಬೆಳೆಯೋದಿಲ್ಲ. ಒಳಗೆ ಹೊಸ ಪದರ ತಯಾರಾಗುತ್ತದೆ. ಹಳೇದಕ್ಕೂ ಹೊಸದಕ್ಕೂ ನಡುವೆ ತೆಳುವಾಗಿ ನೀರಿನಂಥ ದ್ರವ ತುಂಬಿಕೊಂಡು ಎರಡನ್ನೂ ಬಿಡಿಸುತ್ತದೆ. ಆಗ ಮೈಬಣ್ಣ ಮಾಸುತ್ತದೆ, ಹೊಟ್ಟೆ ಗುಲಾಬಿಯಾಗುತ್ತದೆ, ಕಣ್ಣು ಹಾಲು ಬೆರೆಸಿದ ನೀಲಿ ಆಗುತ್ತದೆ. ಕೆಲವು ದಿನ ಬಿಟ್ಟು ಕಣ್ಣು ಮತ್ತೆ ತಿಳಿಯಾಗುತ್ತದೆ. ಅದಾಗಿ ಮೂರ್ನಾಲ್ಕು ದಿನಕ್ಕೆ ಹಾವು ಮೂತಿಯನ್ನು ಒರಟಾದ ಯಾವುದಕ್ಕಾದರೂ ತಿಕ್ಕಿ ತುಟಿಯ ಹತ್ತಿರ ಪೊರೆ ಬಿಡಿಸಿಕೊಂಡು, ಮುಂದೆ ತೆವಳುತ್ತಾ ಹೊರಬರುತ್ತದೆ. ಬೆಲ್ಲದ ಕಣ್ಣು ನೀಲಿಯಾದದ್ದು ಜನವರಿ 9ಕ್ಕೆ, ತಿಳಿಯಾದದ್ದು 14ಕ್ಕೆ. ಎಲ್ಲಾ ಸರಿಯಾಗೇ ಇದೆ ಅಂದುಕೊಂಡಿದ್ದೆ.

ಗಾಳಿ ಒಣಗಿದ್ದರೆ ಆ ದ್ರವವೂ ಬೇಗ ಒಣಗುತ್ತದೆ. ಹಳೇ ಪದರ ಹೊಸದಕ್ಕೆ ಅಂಟಿಕೊಂಡುಬಿಡುತ್ತದೆ.

ಮಗಳು ಕೈ ಚಾಚಿದಳು. "ಅಪ್ಪಾ, ಇದೊಂದು ತುದಿ ಎದ್ದಿದೆ, ಎಳೀಲಾ?" ನನಗೂ ಅದೇ ಆಸೆ. ಬಿಸಿಲಿಗೆ ಸುಟ್ಟ ಚರ್ಮ ಸುಲಿಯುವಾಗ ಕೈ ಸುಮ್ನೆ ಇರೋದಿಲ್ಲ ಅಲ್ವಾ, ಹಾಗೆ. ನಾನೇ ಒಂದು ತುದಿ ಹಿಡಿದು ಮೆಲ್ಲಗೆ ಎಳೆದೆ. ಬರಲಿಲ್ಲ. ಒಣಗಿದ ಬಾಳೆ ಪಟ್ಟೆಯ ಹಾಗೆ ಚರ್ ಅಂದಿತು. ಬೆಲ್ಲದ ಮೈ ಒಮ್ಮೆಲೇ ಬಿಗಿಯಾಯಿತು. ಕೈಬಿಟ್ಟೆ. ಅಂಟಿದ ಪೊರೆಯನ್ನು ಒಣಗಿದ್ದಾಗ ಎಳೆದರೆ ಕೆಳಗಿನ ಹೊಸ ಚರ್ಮವೂ ಕಿತ್ತು ಬರಬಹುದು. ಆಮೇಲೆ ಗಾಯ, ಸೋಂಕು, ಕಲೆ. ಆ ಕಲೆಯ ಜಾಗದಲ್ಲಿ ಮುಂದಿನ ಸಲವೂ ಪೊರೆ ಅಂಟಬಹುದು.

ಹತ್ತಿರದ ಪಶುವೈದ್ಯರಿಗೆ ಫೋನ್ ಮಾಡಿದೆ. ಅವರಲ್ಲಿ ಹಾವು ನೋಡೋದಿಲ್ಲವಂತೆ. ಇನ್ನೊಂದು ಕಡೆ ಎರಡು ದಿನ ಬಿಟ್ಟು ಬನ್ನಿ ಅಂದರು. ಫೋನ್ ಎತ್ತಿದ ನರ್ಸ್ ಒಳ್ಳೆಯವರು. ಅಲ್ಲಿಯವರೆಗೆ ಏನು ಮಾಡಬೇಕು, ಏನು ಮಾಡಬಾರದು ಅಂತ ನಿಧಾನವಾಗಿ ಹೇಳಿದರು. ಉಗುರು ಬೆಚ್ಚಗಿನ ನೀರು, ಒದ್ದೆ ಟವೆಲ್. ಚಿಮಟ ಬೇಡ. ಕಣ್ಣು ಮುಟ್ಟಬೇಡಿ.

ಕಣ್ಣು ಅಂದಾಗ ನೆನಪಾಯಿತು. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದೇ ಒಂದು ಪಾರದರ್ಶಕ ಹುರುಪೆ ಇರುತ್ತದೆ. ಪೊರೆ ಬಿಡುವಾಗ ಅದೂ ಬಿಡಬೇಕು. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಚೂರುಗಳನ್ನೆಲ್ಲಾ ಹರಡಿ ಹುಡುಕಿದೆವು. ತಲೆಯ ಭಾಗ ಸಿಕ್ಕಿತು. ಬಲಗಣ್ಣಿನ ಜಾಗದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಉಬ್ಬಿದ ಒಂದು ಬಿಲ್ಲೆ. ಟಾರ್ಚ್ ಹಿಡಿದರೆ ಫಳ್ ಅಂತ ಹೊಳೆಯಿತು. ಎಡಗಣ್ಣಿನ ಜಾಗದಲ್ಲಿ ತೂತು. ಬಿಲ್ಲೆ ಎಲ್ಲಿ? ಬೆಲ್ಲವನ್ನು ಕಿಟಕಿ ಹತ್ತಿರ ತಂದು ನೋಡಿದೆ. ಬಲಗಣ್ಣು ಕಪ್ಪು, ನುಣುಪು. ಎಡಗಣ್ಣು ಮಂಕು ಬೆಳ್ಳಿಯ ಬಣ್ಣ, ಅಂಚಿನಲ್ಲಿ ಸಣ್ಣ ಸುಕ್ಕು. ಹಳೇದು ಅಲ್ಲೇ ಕೂತಿತ್ತು.

ಬಾಲದ ತುದಿ ನೋಡಿ ಇನ್ನೂ ಗಾಬರಿಯಾಯಿತು. ಅಲ್ಲಿ ಪೊರೆ ಉಂಗುರದ ಹಾಗೆ ಸುತ್ತಿಕೊಂಡಿತ್ತು. ಒಂದರ ಮೇಲೊಂದು, ಎರಡು ಪದರ ಅಂತೂ ಇತ್ತು. ಅಂದರೆ ನಮ್ಮ ಮನೆಗೆ ಬರುವ ಮೊದಲಿನದೂ ಅಲ್ಲೇ ಉಳಿದಿದೆ. ಮೂರು ತಿಂಗಳಿಂದ ದಿನಾ ನೋಡುತ್ತಿದ್ದೇನೆ, ಬಾಲದ ಬಣ್ಣವೇ ಹಾಗೆ ಅಂದುಕೊಂಡಿದ್ದೆ. ಇಂಥ ಉಂಗುರ ಒಣಗುತ್ತಾ ಬಿಗಿಯುತ್ತದೆ. ರಕ್ತ ಹರಿಯೋದು ನಿಂತರೆ ಬಾಲದ ತುದಿಯೇ ಸತ್ತು ಉದುರಬಹುದು. ಬೆರಳಿಗೆ ದಾರ ಬಿಗಿದ ಹಾಗೆ. ಕಣ್ಣು ಕಾಯಬಹುದು, ಬಾಲ ಕಾಯೋದಿಲ್ಲ.

ಅವತ್ತೇ ಸಂಜೆ ಶುರು ಮಾಡಿದೆವು. ಮುಚ್ಚಳ ಇರೋ ಒಂದು ಪ್ಲಾಸ್ಟಿಕ್ ಡಬ್ಬಿ ತಗೊಂಡು ಮುಚ್ಚಳಕ್ಕೆ ತೂತು ಮಾಡಿದೆ. ತಳಕ್ಕೆ ಒಂದು ಟವೆಲ್ ಹಾಸಿದೆ, ಮೈ ಉಜ್ಜಿಕೊಳ್ಳಲು ಏನಾದರೂ ಬೇಕಲ್ಲ. ನೀರು 2 ಸೆಂಟಿಮೀಟರ್ ಮಾತ್ರ. ಹಾವು ಸುಮ್ನೆ ಮಲಗಿದರೂ ಮೂಗು ನೀರಿನ ಮೇಲಿರಬೇಕು. ಬಿಸಿ ಎಷ್ಟು ಅನ್ನೋದನ್ನು ಕೈಯಿಂದ ಅಂದಾಜು ಮಾಡಲಿಲ್ಲ. ಚಳಿಗಾಲದಲ್ಲಿ ನಮ್ಮ ಕೈಗೆ ಬೆಚ್ಚಗೆ ಅನಿಸೋದೂ ಸುಳ್ಳು, ಬಿಸಿ ಅನಿಸೋದೂ ಸುಳ್ಳು. ಅಡುಗೆಯ ಥರ್ಮಾಮೀಟರ್ ಇಟ್ಟು 29 ಡಿಗ್ರಿ ನೋಡಿಕೊಂಡೆ.

ಬೆಲ್ಲಕ್ಕೆ ಇಷ್ಟ ಆಗಲಿಲ್ಲ. ಮೊದಲ ಐದು ನಿಮಿಷ ಗೋಡೆಯುದ್ದಕ್ಕೂ ಸುತ್ತಿತು, ಮೂತಿಯಿಂದ ಮುಚ್ಚಳ ತಳ್ಳಿತು. ಆಮೇಲೆ ನೀರಲ್ಲೇ ಗಲೀಜು ಮಾಡಿತು. ನೀರು ಬದಲಿಸಿ ಮತ್ತೆ ಬಿಟ್ಟೆ. ಹತ್ತು ನಿಮಿಷ ಕಳೆದ ಮೇಲೆ ಸುಮ್ಮನಾಯಿತು. ಆಗ ನೋಡಿದರೆ ಬೂದು ತೇಪೆಗಳ ಅಂಚು ನೆನೆದು ಬೆಳ್ಳಗಾಗಿ ಮೇಲೇಳುತ್ತಿತ್ತು. ದೋಸೆ ಬೆಂದ ಮೇಲೆ ಅಂಚು ಕಾವಲಿ ಬಿಡುತ್ತದಲ್ಲ, ಹಾಗೆ. ಅಲ್ಲಿಯವರೆಗೆ ಕೈ ಹಾಕಬಾರದು. ಅಡುಗೆ ಮನೆಯಲ್ಲಿ ಅಮ್ಮ ನೂರು ಸಲ ಹೇಳಿದ್ದರು, ಅಂಚು ಏಳೋ ತನಕ ಸೌಟು ಹಾಕಬೇಡ ಅಂತ.

25 ನಿಮಿಷಕ್ಕೆ ಹೊರಗೆ ತೆಗೆದೆ. ಇನ್ನೊಂದು ಟವೆಲನ್ನು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ ಇಟ್ಟಿದ್ದೆ. ಅದನ್ನು ಮುಷ್ಟಿಯಲ್ಲಿ ಸಡಿಲವಾಗಿ ಕೊಳವೆಯ ಹಾಗೆ ಹಿಡಿದು ಬೆಲ್ಲದ ತಲೆಯನ್ನು ಒಂದು ಕಡೆಯಿಂದ ಒಳಗೆ ಬಿಟ್ಟೆ. ಎಳೆಯೋದು ನಾವಲ್ಲ. ಹಾವು ತಾನೇ ಮುಂದಕ್ಕೆ ಹೋಗಬೇಕು, ಟವೆಲ್ ಸುಮ್ನೆ ತಡೆಯಾಗಿರಬೇಕು. ಅದು ಹೋಯಿತು. ಮೊದಲು ಕತ್ತಿನ ಮಡಿಕೆ ಟವೆಲಿಗೆ ಸಿಕ್ಕಿಕೊಂಡಿತು. ಬೆಲ್ಲ ಒಂದು ಕ್ಷಣ ನಿಂತಿತು, ಮೈಯನ್ನು ಸ್ವಲ್ಪ ಉಬ್ಬಿಸಿತು, ಮತ್ತೆ ಮುಂದೆ ನೂಕಿತು. ಒಂದು ಗೇಣುದ್ದದ ಪೊರೆ ಹಾಗೇ ನನ್ನ ಮುಷ್ಟಿಯೊಳಗೆ ಉಳಿಯಿತು. ಅದರ ಹೊಟ್ಟೆಯ ಸ್ನಾಯುಗಳು ಒಂದೊಂದಾಗಿ ಅಲೆಯಂತೆ ದಾಟಿ ಹೋಗೋದು ಅಂಗೈಗೆ ಗೊತ್ತಾಗುತ್ತಿತ್ತು. ಒದ್ದೆ ಪೊರೆ ಕೈಗೆ ಎಷ್ಟು ಮೃದು! ಅಕ್ಕಿ ಹಪ್ಪಳದ ಹಸಿ ಹಿಟ್ಟಿನ ಹಾಗೆ. ಕೆಳಗೆ ಕಂಡ ಹೊಸ ಮೈ ಮಳೆಗೆ ತೊಳೆದ ಅಡಿಕೆ ಸೋಗೆಯ ಹಾಗೆ ಹೊಳೆಯುತ್ತಿತ್ತು.

ಅವತ್ತು ಬೆನ್ನಿನದು ಮುಕ್ಕಾಲು ಪಾಲು ಬಂತು. ಅಷ್ಟಕ್ಕೆ ಸಾಕು ಮಾಡಿದೆ. ಒಂದೇ ದಿನ ಎಲ್ಲಾ ತೆಗೀಬೇಕು ಅಂತ ಹೊರಟರೆ ಹಾವು ದಣಿಯುತ್ತದೆ, ಹೆದರುತ್ತದೆ. ಮೈ ಒರೆಸಿ, ಬೆಚ್ಚಗಿನ ಗೂಡಿಗೆ ಬಿಟ್ಟೆ. ಮರುದಿನ ಸಂಜೆ ಮತ್ತೆ ಅದೇ. ಉಳಿದ ತೇಪೆಗಳು ಹೋದವು. ಬಾಲ ಜಪ್ಪಯ್ಯ ಅನ್ನಲಿಲ್ಲ.

ಮೂರನೇ ದಿನ ವೈದ್ಯರ ಹತ್ತಿರ ಹೋದೆವು. ಹೊರಗೆ ಮೈನಸ್ 6 ಡಿಗ್ರಿ. ಬೆಲ್ಲವನ್ನು ದಿಂಬಿನ ಚೀಲದೊಳಗಿಟ್ಟು, ಚೀಲವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ವೈದ್ಯೆ ಮೊದಲು ಬಿಳಿ ಕಾಗದದಿಂದ ಮೈ ಒರೆಸಿ ನೋಡಿದರು. ಉಣ್ಣಿಯಂಥ ಸಣ್ಣ ಕಪ್ಪು ಹುಳಗಳಿದ್ದರೂ ಪೊರೆ ಸರಿಯಾಗಿ ಬಿಡೋದಿಲ್ಲವಂತೆ. ಕಾಗದ ಬಿಳಿಯಾಗೇ ಉಳಿಯಿತು. ಬಾಯಿ ತೆಗೆಸಿ ನೋಡಿದರು, ತೂಕ ನೋಡಿದರು. 1,040 ಗ್ರಾಂ. ಆಮೇಲೆ ಬಾಲಕ್ಕೆ ನೆನೆಸಿದ ಹತ್ತಿ ಸುತ್ತಿ ಕಾಲು ಗಂಟೆ ಬಿಟ್ಟರು. ಹತ್ತಿಕಡ್ಡಿಯನ್ನು ಉಂಗುರದ ಅಂಚಿಗೆ ಇಟ್ಟು, ಬುಡದಿಂದ ತುದಿಯ ಕಡೆಗೆ ಉರುಳಿಸುತ್ತಾ ಹೋದರು. ಒತ್ತಲಿಲ್ಲ, ಕೆರೆಯಲಿಲ್ಲ, ಬರೀ ಉರುಳಿಸಿದರು. ಐದಾರು ನಿಮಿಷಕ್ಕೆ ಮೊದಲ ಉಂಗುರ ಜಾರಿತು. ಆಮೇಲೆ ಎರಡನೆಯದು. ಅದರ ಕೆಳಗೆ ಮೂರನೆಯದೊಂದು ಇತ್ತು, ದಾರದಷ್ಟು ಸಣ್ಣದು. ಅದು ಹೋದ ಮೇಲೆ ಬಾಲದ ತುದಿ ಪೆನ್ಸಿಲ್ ಮೊನೆಯಷ್ಟು, ಸುತ್ತ ಅದುಮಿದ ಗುರುತು. ಆದರೆ ಮೆತ್ತಗಿತ್ತು. ಮುಟ್ಟಿದರೆ ಬೆಲ್ಲ ಬಾಲ ಎಳೆದುಕೊಂಡಿತು. "ಜೀವ ಇದೆ, ಉಳಿಯುತ್ತೆ" ಅಂದರು. ನನಗೆ ಅಲ್ಲೇ ಕಣ್ಣು ತುಂಬಿತು.

ಎಡಗಣ್ಣನ್ನು ಅವರು ದೀಪ ಹಿಡಿದು ನೋಡಿದರು. ಮುಟ್ಟಲಿಲ್ಲ. ಇದನ್ನು ಯಾಕೆ ತೆಗೆಯೋದಿಲ್ಲ ಅಂತ ಕೇಳಿದೆ. ಹಳೇ ಬಿಲ್ಲೆಯ ಕೆಳಗೆ ಹೊಸ ಬಿಲ್ಲೆ ಇದೆ, ಎರಡೂ ಅಂಟಿವೆ. ಚಿಮಟದಿಂದ ಹಳೇದನ್ನು ಹಿಡಿಯಲು ಹೋದರೆ ಹೊಸದೂ ಕಿತ್ತು ಬರಬಹುದು. ಆಮೇಲೆ ಕಣ್ಣಿಗೆ ಹೊದಿಕೆಯೇ ಇರೋದಿಲ್ಲ, ಕಣ್ಣು ಒಣಗಿ ಹೋಗುತ್ತದೆ. ಇದು ಒಂದೇ ಪದರ, ಸೋಂಕಿಲ್ಲ, ಊತ ಇಲ್ಲ. ಗೂಡಿನ ಗಾಳಿ ಸರಿಮಾಡಿ ಮುಂದಿನ ಪೊರೆಗೆ ಕಾಯಿರಿ, ಸಾಮಾನ್ಯವಾಗಿ ಅದರ ಜೊತೆ ಬರುತ್ತೆ. ಬರದಿದ್ದರೆ ಕರೆತನ್ನಿ ಅಂದರು. ಹಾಕಲು ಕಣ್ಣಿನ ಜೆಲ್ ಕೊಟ್ಟರು. ಕಣ್ಣಿಗೆ ಟೇಪ್ ಅಂಟಿಸಿ ಕೀಳೋ ವಿಡಿಯೋಗಳು ಸಿಗುತ್ತವೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಹಾವು ಸಾಕಿದ್ದಕ್ಕೆ ಮೊದಲು ತಿಂಗಳುಗಟ್ಟಲೆ ಬೇಸರ ಮಾಡಿಕೊಂಡಿದ್ದರು. ಈಗ ಪ್ರತಿ ಸಲ ವಿಚಾರಿಸುತ್ತಾರೆ.

"ಕಣ್ಣಿನ ಪೊರೆ ಬಿಟ್ಟಿಲ್ಲ ಅಮ್ಮ" ಅಂದೆ.

"ಎಂತ ಮಾರಾಯ, ಅದಕ್ಕೂ ಕಣ್ಣಿಗೆ ಪೊರೆ ಬಂತಾ?"

ಎರಡು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು. ನಾನು ಬಿಡಿಸಿ ಹೇಳಿದೆ. ಅದು ಕಣ್ಣೊಳಗಿನದಲ್ಲ, ಮೇಲಿನದು. ಕಾಯಬೇಕು ಅಂದಿದ್ದಾರೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮಮ್ಮಂಗೂ ಪೊರೆ ಬಲೀಲಿ, ಆಮೇಲೆ ತೆಗೀತೀವಿ ಅಂತ ಕಾಯಿಸಿದ್ರು. ಕಾಯೋದೇ ಕಷ್ಟ. ಕೊಬ್ಬರಿ ಎಣ್ಣೆ ಹಚ್ಚಿ ನೋಡಿದ್ಯಾ?" ಎಣ್ಣೆಯ ವಿಚಾರ ನಾನು ವೈದ್ಯೆಯನ್ನು ಮೊದಲೇ ಕೇಳಿದ್ದೆ. ಎಣ್ಣೆ ಬೇಡ, ಅದಕ್ಕೆ ಬೇಕಾಗಿರೋದು ನೀರು ಅಂದಿದ್ದರು.

ನೀರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಈ ಊರಲ್ಲಿ ಮಳೆ, ಹಿಮ ಎಲ್ಲಾ ಸೇರಿ 400ರ ಆಸುಪಾಸು. ಊರಿರೋದು 5,000 ಅಡಿ ಎತ್ತರದಲ್ಲಿ, ರಾಕಿ ಬೆಟ್ಟಗಳ ಬುಡದಲ್ಲಿ. ಚಳಿಗಾಲದಲ್ಲಿ ಮನೆಯ ಹೀಟರ್ ಹಗಲೂ ರಾತ್ರಿ ಓಡುತ್ತದೆ. ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚುರುಕ್ ಅನ್ನುತ್ತದೆ. ನಮ್ಮ ಹಿಮ್ಮಡಿಯೇ ಬಿರಿಯುವಾಗ ಹಾವಿನ ಚರ್ಮದ ಗತಿ ಏನು?

ಆದರೆ ಗೂಡಿನ ಗೋಡೆಗೆ ಅಂಟಿಸಿದ್ದ ಮುಳ್ಳಿನ ಮೀಟರ್ ಯಾವಾಗಲೂ ತೇವಾಂಶ ಶೇಕಡಾ 60 ತೋರಿಸುತ್ತಿತ್ತು. ಈ ಜಾತಿಗೆ 55ರಿಂದ 65 ಇದ್ದರೆ ಸರಿ. ಅದನ್ನು ನಂಬಿ ಕೂತಿದ್ದೆ. ವೈದ್ಯೆ ಒಂದು ಪರೀಕ್ಷೆ ಹೇಳಿಕೊಟ್ಟರು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಗಂಜಿಯ ಹಾಗೆ ಒದ್ದೆಯಾಗುವಷ್ಟು ಮಾತ್ರ ನೀರು ಹಾಕಬೇಕು. ಅದನ್ನೂ ಮೀಟರನ್ನೂ ಒಂದು ಜಿಪ್ ಚೀಲದಲ್ಲಿಟ್ಟು ಗಾಳಿಯಾಡದ ಹಾಗೆ ಮುಚ್ಚಿ ಒಂದು ರಾತ್ರಿ ಬಿಡಬೇಕು. ಒದ್ದೆ ಉಪ್ಪಿನ ಮೇಲಿನ ಗಾಳಿಯಲ್ಲಿ ತೇವಾಂಶ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ ಸರಿ ಇದ್ದರೆ 75 ತೋರಿಸಬೇಕು. ನಮ್ಮದು ಬೆಳಿಗ್ಗೆ 62 ತೋರಿಸಿತು. ಹೊರಗಿಟ್ಟು ಸಂಜೆ ನೋಡಿದರೆ 59. ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತುಬಿಟ್ಟಿತ್ತು. ಹೊಸ ಡಿಜಿಟಲ್ ಮೀಟರ್ ತಂದು ಅದೇ ಪರೀಕ್ಷೆ ಮಾಡಿ ಗೂಡಿನಲ್ಲಿಟ್ಟೆ. 27. ಮೂರು ತಿಂಗಳು ಬೆಲ್ಲ ಆ ಗಾಳಿಯಲ್ಲಿ ಬದುಕಿತ್ತು. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಮೀಟರ್ ಕೆಟ್ಟಿತ್ತು ನಿಜ, ಆದರೆ ಮನೆಯೊಳಗೆ ನನ್ನ ತುಟಿ ಒಡೆಯುತ್ತಿದ್ದದ್ದು ನನಗೆ ಗೊತ್ತಿತ್ತಲ್ಲ.

ಮರುದಿನದಿಂದ ಗೂಡನ್ನೇ ಬದಲಿಸಿದೆವು. ಹಾಸಿದ್ದ ಒಣ ಮರದ ಸಿಪ್ಪೆ ತೆಗೆದು ತೆಂಗಿನ ನಾರಿನ ಪುಡಿ ಮತ್ತು ಚೂರು ಹಾಕಿದೆ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಬೂಷ್ಟು ಹಿಡಿಯೋದಿಲ್ಲ. ದುಡ್ಡು ಕೊಟ್ಟು ತೆಂಗಿನ ನಾರು ತಂದೆ ಅಂದಿದ್ದಕ್ಕೆ ಅಮ್ಮನಿಗೆ ಆದ ಆಶ್ಚರ್ಯ ಇನ್ನೂ ಇಳಿದಿಲ್ಲ. ಜಾಲರಿ ಮುಚ್ಚಳದ ಮುಕ್ಕಾಲು ಭಾಗವನ್ನು ಅಲ್ಯುಮಿನಿಯಂ ಹಾಳೆಯಿಂದ ಮುಚ್ಚಿದೆ, ಗಾಳಿಯಾಡಲು ಉಳಿದದ್ದು ಬಿಟ್ಟೆ. ನೀರನ್ನು ಮೇಲಿಂದ ಚಿಮುಕಿಸೋದಕ್ಕಿಂತ ಮೂಲೆಗಳಲ್ಲಿ ಸುರಿಯೋದು ಒಳ್ಳೇದು. ತಳ ಒದ್ದೆಯಾಗಿ ಮೇಲ್ಮೈ ಒಣಗಿರುತ್ತದೆ. ಸದಾ ಹಸಿಯಾದ ನೆಲದ ಮೇಲೆ ಮಲಗಿದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಬಿಸಿ ಜಾಗ 32 ಡಿಗ್ರಿ, ತಂಪು ಕಡೆ 26, ಅದನ್ನು ಹಾಗೇ ಇಟ್ಟೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಐಸ್‌ಕ್ರೀಮ್ ಡಬ್ಬಿ. ಪಕ್ಕಕ್ಕೆ ಬೆಲ್ಲ ನುಗ್ಗುವಷ್ಟು ತೂತು ಕೊರೆದು, ಅಂಚನ್ನು ಮರಳು ಕಾಗದದಿಂದ ಉಜ್ಜಿ ನಯ ಮಾಡಿ, ಒಳಗೆ ನೆನೆಸಿ ಹಿಂಡಿದ ಪಾಚಿ ತುಂಬಿದೆ. ಈ ಹಾವುಗಳ ಊರು ಹುಲ್ಲುಗಾವಲಿನ ಸೀಮೆ, ಅಲ್ಲೂ ಬೇಸಿಗೆ ಒಣಗಿರುತ್ತದೆ. ಆದರೆ ಅವು ಹಗಲೆಲ್ಲಾ ಇಲಿ ಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ ಇರುತ್ತವೆ. ಒಳಗಿನ ಗಾಳಿ ತೇವವಾಗಿರುತ್ತದೆ. ಇದನ್ನು ಮಗಳಿಗೆ ಹೇಳಿದಾಗ ಅವಳು ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಕನ್ನಡದಲ್ಲೇ ಬರೆದಳು: ಹುತ್ತ. ಅವಳಿಗೆ ತ್ತ ಒತ್ತಕ್ಷರ ಸರಿಯಾಗಿ ಬಂದದ್ದು ಅವತ್ತೇ. ಬೆಲ್ಲ ಎರಡನೇ ರಾತ್ರಿ ಅದರೊಳಗೆ ಹೋಯಿತು.

ಆಮೇಲೆ ಏಳು ವಾರ ಕಾಯೋದು. ಜನವರಿ ಕೊನೆಗೆ ಒಂದು ಇಲಿ ತಿಂದಿತು, ಫ್ರೀಜರಿನದನ್ನು ಕರಗಿಸಿ ಬೆಚ್ಚಗೆ ಮಾಡಿ ಕೊಟ್ಟದ್ದು. ಎಡಗಡೆಯಿಂದ ತೋರಿಸಿದರೆ ಗುರಿ ತಪ್ಪುತ್ತಿತ್ತು, ಬಲಗಡೆಯಿಂದ ಕೊಟ್ಟೆವು. ಬಾಲದ ಗುರುತು ಮೆಲ್ಲಗೆ ಮಾಸಿತು. ದಿನಾ ಬೆಳಿಗ್ಗೆ ಆ ಮಂಕು ಕಣ್ಣು ನೋಡಿದಾಗ ಉಗುರಿನಿಂದ ಒಂದು ಸಲ ಅಂಚು ಎಬ್ಬಿಸಿ ನೋಡೋಣ ಅನಿಸುತ್ತಿತ್ತು. ಆ ಏಳು ವಾರದಲ್ಲಿ ಮಾಡಿದ ಕಷ್ಟದ ಕೆಲಸ ಅಂದರೆ ಅದೊಂದೇ, ಕೈ ಹಿಂದೆ ಇಟ್ಟುಕೊಂಡದ್ದು.

ಮಾರ್ಚ್ ಮೊದಲ ವಾರ ಬೆಲ್ಲದ ಬಣ್ಣ ಮಾಸಿತು. ತೇವಾಂಶವನ್ನು 75ರ ಹತ್ತಿರ ತಂದು, ಗೂಡಿಗೆ ಬಟ್ಟೆ ಹೊದಿಸಿ, ಎತ್ತಿಕೊಳ್ಳೋದನ್ನು ಪೂರ್ತಿ ನಿಲ್ಲಿಸಿದೆವು. ಹಗಲು ರಾತ್ರಿ ಹುತ್ತದೊಳಗೇ ಇತ್ತು.

ಮಾರ್ಚ್ 11, ರಾತ್ರಿ ಹನ್ನೊಂದೂವರೆಗೆ ಸರಸರ ಸದ್ದು. ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಡಿದೆ. ಹುತ್ತದ ಬಾಯಿಂದ ಬೆಲ್ಲ ಹೊರಬರುತ್ತಿತ್ತು. ಹೊಸ ಮೈ ಹೊರಗೆ, ಹಳೇದು ಡಬ್ಬಿಯ ಅಂಚಿಗೆ ಸಿಕ್ಕಿ ಒಳಗೇ ತಿರುವುತ್ತಾ ಉಳಿಯುತ್ತಿತ್ತು. ಮಗಳನ್ನು ಎಬ್ಬಿಸಿದೆ. ಇಬ್ಬರೂ ನೆಲದ ಮೇಲೆ ಕೂತು ನೋಡಿದೆವು. ಹತ್ತಿಪ್ಪತ್ತು ನಿಮಿಷದಲ್ಲಿ ಬಾಲದ ತುದಿ ಹೊರಬಂತು, ಚೂಪಾಗಿ, ನಯವಾಗಿ.

ಬೆಳಿಗ್ಗೆ ಪೊರೆಯನ್ನು ಮೇಜಿನ ಮೇಲೆ ಬಿಡಿಸಿದೆವು. ಇಡಿಯಾಗಿತ್ತು. ಬೆಲ್ಲದ ಉದ್ದ ಒಂದು ಮೀಟರಿಗೆ ಸ್ವಲ್ಪ ಜಾಸ್ತಿ, ಪೊರೆ ಅದಕ್ಕಿಂತ ಒಂದು ಗೇಣು ಉದ್ದ. ಕಳಚುವಾಗ ಹಿಗ್ಗುತ್ತದೆ. ತಲೆಯ ಭಾಗವನ್ನು ಕಿಟಕಿ ಬೆಳಕಿಗೆ ಹಿಡಿದೆ. ಬಲಗಣ್ಣಿನ ಬಿಲ್ಲೆ ತೆಳ್ಳಗೆ, ಆಚೆಯ ಮರ ಕಾಣುವಷ್ಟು ತಿಳಿ. ಎಡಗಣ್ಣಿನದು ದಪ್ಪ, ಮಂಕು. ಅದರ ಅಂಚಿಗೆ ಒಂದು ಹನಿ ನೀರು ಬಿಟ್ಟು ಕಾದೆ. ಐದು ನಿಮಿಷಕ್ಕೆ ಅದು ಎರಡಾಗಿ ಬಿಟ್ಟುಕೊಂಡಿತು.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಬಿಳಿ ಹಾಳೆಯ ಮೇಲೆ ಮೂರನ್ನೂ ಸಾಲಾಗಿಟ್ಟು ತೋರಿಸಿದೆ. ಅವರು ಕನ್ನಡಕ ತೆಗೆದು ಫೋನನ್ನು ಮುಖದ ಹತ್ತಿರ ಹಿಡಿದರು. ತೆರೆಯ ತುಂಬಾ ಅವರ ಕಣ್ಣು.

"ಮೂರೂ ಕಾಣ್ತಾ ಇದೆ ಮಾರಾಯ," ಅಂದರು. "ಸ್ಪಷ್ಟ ಕಾಣ್ತಾ ಇದೆ."